ಅಕ್ಕನ ಮಾತಿಗೆ ನಲವತ್ತೊಂದು ಸೆಕೆಂಡು

ನಮ್ಮ ಭಾವನ ಹತ್ತಿರ ನೀವು ಒಂದು ಲೋಟ ನೀರು ಕೇಳಿ ನೋಡಿ. ಕೊಡುವುದಿಲ್ಲ ಎಂದಲ್ಲ, ಖಂಡಿತ ಕೊಡುತ್ತಾರೆ. ಆದರೆ ಕಳೆದ ಸಲ ಬಂದಾಗ ಬಿಸಿನೀರು ಕೇಳಿದ್ದಿರೋ ತಣ್ಣೀರೋ, ಅರ್ಧ ಲೋಟ ಬಿಟ್ಟು ಎದ್ದಿರೋ ಪೂರ್ತಿ ಕುಡಿದಿರೋ ಎಂಬುದನ್ನು ತಾವು ಜ್ಞಾಪಿಸಿಕೊಂಡು, ನಿಮಗೂ ಜ್ಞಾಪಿಸಿ, ಆಮೇಲೆ ಕೊಡುತ್ತಾರೆ. ಅಷ್ಟರಲ್ಲಿ ನಿಮ್ಮ ಬಾಯಾರಿಕೆಯೇ ಸತ್ತುಹೋಗಿರುತ್ತದೆ!

ತಪ್ಪು ಅವರದಲ್ಲ. ಅರಸೀಕೆರೆಯ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಗುಮಾಸ್ತರಾಗಿ ತಲೆ ನರೆತವರು ಅವರು. ಅಲ್ಲಿ ಹೊಸ ಕಾಗದವೊಂದು ಬಂದರೆ ಅದನ್ನು ಒಂಟಿಯಾಗಿ ಸಾಹೇಬರ ಮೇಜಿಗೆ ಕಳಿಸುವಂತಿಲ್ಲ. ಹಿಂದಿನ ಕಾಗದಗಳನ್ನೆಲ್ಲ ಒಂದನೇ ಪುಟದಿಂದ ಜೋಡಿಸಿ, ಸಂಖ್ಯೆ ಹಾಕಿ, ದಾರ ಕಟ್ಟಿ, ಎಲ್ಲದರ ಕೊನೆಗೆ ಹೊಸದನ್ನು ಇಡಬೇಕು. ಇದಕ್ಕೆ ಕಡತ ಮಂಡಿಸುವುದು ಎನ್ನುತ್ತಾರೆ. ನಿವೃತ್ತರಾದಾಗ ಉಳಿದವರು ಹಾರ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಭಾವ ಕಚೇರಿಯನ್ನೇ ಮನೆಗೆ ತಂದರು. ಒಮ್ಮೆ ಬೀದಿ ದೀಪ ಕೆಟ್ಟಿದೆ ಎಂದು ಅರ್ಜಿ ಕೊಡುವಾಗ, ಆ ಕಂಬದ ಬಗ್ಗೆ ತಾವು ಅಲ್ಲಿಯವರೆಗೆ ಬರೆದ ಅರ್ಜಿಗಳನ್ನೆಲ್ಲ ಲಗತ್ತಿಸಿದರು. ಆ ಕಟ್ಟನ್ನು ಇಡಲು ಜಾಗ ಕಾಣದೆ ನಗರಸಭೆಯವರು ಅಂದು ಸಂಜೆಯೇ ದೀಪ ಹಾಕಿಸಿದರು. ಇದು ತಮ್ಮ ಪದ್ಧತಿಯ ಗೆಲುವು ಎಂದು ಭಾವ ಇವತ್ತಿಗೂ ನಂಬಿದ್ದಾರೆ.

ಕಂಪ್ಯೂಟರು ಬಂದಾಗ ಅವರು ಅದನ್ನು ನಡೆಸುವ ತಂತ್ರಾಂಶವಾಗಿ ಲಿನಕ್ಸ್ ಹಾಕಿಸಿಕೊಂಡರು. ನಾನು ಬೇಲೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು, ಅವರ ಹೆಂಡತಿಯ ತಮ್ಮ. ಸುಲಭವಾದದ್ದನ್ನು ಹಾಕಿಕೊಡುತ್ತೇನೆ ಎಂದೆ.

"ಅದರೊಳಗೆ ಏನಿದೆ ಅಂತ ನೋಡೋಕೆ ಬಿಡ್ತಾರೇನಯ್ಯ?" ಎಂದರು ಭಾವ.

"ಬಿಡಲ್ಲ."

"ಮೊಹರು ಹಾಕಿರೋ ಲಕೋಟೆ ನನಗ್ಯಾಕೆ? ಬಿಚ್ಚಿ ಓದೋ ಹಾಗಿರೋದು ಹಾಕ್ಕೊಡು."

ಬಿಚ್ಚಿ ಓದಿದರು. ಕಪ್ಪು ಕಿಟಕಿಯಲ್ಲಿ ಅಕ್ಷರ ಹೊಡೆದು ಕೆಲಸ ಮಾಡಿಸುವ ಟರ್ಮಿನಲ್ಲು ಅವರಿಗೆ ಬಹಳ ಹಿಡಿಸಿತು. ಯಾರ ಮುಖವೂ ಕಾಣದಂತೆ ಬರೀ ಬರವಣಿಗೆಯಲ್ಲಿ ವ್ಯವಹಾರ! ಆರು ತಿಂಗಳಲ್ಲಿ ನನ್ನ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಆಜ್ಞೆ ಬರೆಯತೊಡಗಿದರು.

ಆಮೇಲೆ ಅಕ್ಕನ ಗಂಟಲಿಗೆ ಕ್ಯಾನ್ಸರ್ ಬಂತು. ಧ್ವನಿಪೆಟ್ಟಿಗೆಯನ್ನು ತೆಗೆದುಹಾಕಿದರು. ಕತ್ತಿನಲ್ಲಿ ಒಂದು ತೂತು, ಅದರಲ್ಲಿ ಉಸಿರಾಟದ ನಳಿಗೆ. ಔಷಧಿಯಿಂದ ಬೆರಳುಗಳ ಸ್ಪರ್ಶ ಹೋಗಿತ್ತು, ಮೊಬೈಲಿನ ಗಾಜಿನ ಮೇಲೆ ಅಕ್ಷರ ಸಿಗುತ್ತಿರಲಿಲ್ಲ. ಆದರೆ ಹುಡುಗಿಯಾಗಿದ್ದಾಗ ಅವಳು ಟೈಪಿಂಗ್ ಕಲಿತಿದ್ದಳು, ಕೀಲಿಮಣೆಯನ್ನು ಕುಟ್ಟಬಲ್ಲಳು. ಭಾವ ಅವಳ ಮಂಚದ ಪಕ್ಕ ಒಂದು ಹಳೆಯ ಕಂಪ್ಯೂಟರಿಟ್ಟು ತಂತಿ ಎಳೆದರು. ಅವಳು ಒಂದು ಸಾಲು ಬರೆದು ಗುಂಡಿ ಒತ್ತಿದರೆ, ನಡುಮನೆಯಲ್ಲಿರುವ ಭಾವನ ಕಂಪ್ಯೂಟರಿನಲ್ಲಿ ಹೊಸ ಕಪ್ಪು ಕಿಟಕಿ ತೆರೆದು, ಗಂಟೆ ಹೊಡೆದು, ಆ ಸಾಲು ಕಾಣುತ್ತಿತ್ತು. ಒತ್ತಕ್ಷರಗಳು ಜಾರಿ ಪಕ್ಕದ ಅಕ್ಷರದ ಮೇಲೆ ಬೀಳುತ್ತಿದ್ದವು. ಭಾವ ಹಾಗೆ ಬಿದ್ದ ಕನ್ನಡವನ್ನೂ ಓದಲು ಕಲಿತರು.

ಮೊದಲ ದಿನ ಬಂದ ಸಾಲು ಹೀಗಿತ್ತು: "ದನಿ ಹೋಗಿದೆ, ನಾಲಿಗೆ ಹೋಗಿಲ್ಲ. ಸಾರಿಗೆ ಉಪ್ಪಿಲ್ಲ."

ಆಸ್ಪತ್ರೆಯಿಂದ ಬಂದಮೇಲೆ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದು ಅದೇ ಮೊದಲು.

ಶುರುವಿನಲ್ಲಿ ಕಿಟಕಿ ತಟ್ಟನೆ ತೆರೆಯುತ್ತಿತ್ತು. ತಿಂಗಳುಗಳು ಕಳೆದಂತೆ ಐದು ಸೆಕೆಂಡು, ಹದಿನೈದು ಸೆಕೆಂಡು, ಕೊನೆಗೆ ನಲವತ್ತೊಂದು. ಭಾವ ಗಡಿಯಾರ ಹಿಡಿದು ಕೂತರು. ಪರದೆಯ ಮೇಲಿದ್ದ ದೇವರ ಪಟ ಭಾರವಾಯಿತೇನೋ ಎಂದು ತೆಗೆದರು. ಅಕ್ಷರದ ಶೈಲಿ ಬದಲಾಯಿಸಿದರು. ಪೆಟ್ಟಿಗೆ ಬಿಚ್ಚಿ ಧೂಳು ಊದಿದರು. ಧೂಳು ಕಂಪ್ಯೂಟರಿನಿಂದ ಹೊರಟು ಅವರ ಕಣ್ಣಿಗೆ ಬಿತ್ತು, ಅದರಿಂದ ಅವರೂ ನಿಧಾನವಾದರು. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ, ಗಂಡಸಿ ಊರಿನ ಕಡೆಯವರು, ಬಂದು ನೋಡಿ, "ದೃಷ್ಟಿ ಆಗೈತೆ ಸಾ ಅದುಕ್ಕೆ. ಒಂದ್ ಕಾಯಿ ಒಡ್ದುಬುಡಿ" ಎಂದರು. ಒಡೆದೂ ಆಯಿತು. ಭಾವ ಬರೆದಿಟ್ಟ ಅಂದಿನ ಟಿಪ್ಪಣಿಯನ್ನು ನಾನೇ ಓದಿದ್ದೇನೆ: "ಕಾಯಿಗೆ ಮುಂಚೆ ನಲವತ್ತೊಂದು ಸೆಕೆಂಡು. ಕಾಯಿಯ ನಂತರ ನಲವತ್ತೊಂದು ಸೆಕೆಂಡು. ಕಾಯಿ ಚೆನ್ನಾಗಿತ್ತು."

ನಾನು ಈ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದೆ. ನಾವು ಹಾಗೆ ನಗುತ್ತಿದ್ದ ದಿನಗಳಲ್ಲೇ ಅಲ್ಲಿ ಡಾಕ್ಟರು ಅಕ್ಕನ ಕಾಯಿಲೆ ಮರಳಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ಆ ವಾರವೇ ಭಾವನ ಫೋನು ಬಂತು.

"ನಳಿಗೇಲಿ ಕಫ ಕಟ್ಟಿಕೊಂಡಿತ್ತು ಕಣೋ. 'ಉಸಿರು ಆಡ್ತಿಲ್ಲ' ಅಂತ ಬರೆದಿದಾಳೆ. ನಾನು ಅಡುಗೆಮನೇಲಿ ಒಗ್ಗರಣೆ ಹಾಕ್ತಿದ್ದೆ. ಗಂಟೆ ಹೊಡೆದಾಗ ಓಡಿದೆ. ತುಟಿ ನೀಲಿ ಆಗೋಗಿತ್ತು."

"ಈಗ?"

"ಈಗ ಪರವಾಗಿಲ್ಲ. ನೀನು ಬಂದು ಈ ಕಿಟಕಿ ಸರಿ ಮಾಡಿಕೊಡು."

ಗಂಟೆ ಹೊಡೆಯುವುದೂ ಕಿಟಕಿ ಪೂರ್ತಿ ತೆರೆದ ಮೇಲೆಯೇ. ಹಳೇಬೀಡು ದಾಟುವವರೆಗೂ ನಾನು ಬಸ್ಸಿನಲ್ಲಿ ಮನಸ್ಸಿನಲ್ಲೇ ನಲವತ್ತೊಂದರವರೆಗೆ ಎಣಿಸುತ್ತಿದ್ದೆ, ಉಸಿರು ಬಿಗಿಹಿಡಿದು. ಒಂದು ಸಲವೂ ಪೂರ್ತಿಯಾಗಲಿಲ್ಲ.

ಮನೆಗೆ ಹೋದವನೇ ಕೈಗೆ ಕಾಫಿಯನ್ನೂ ತೆಗೆದುಕೊಳ್ಳದೆ ಕೂತೆ. ಟರ್ಮಿನಲ್ಲು ತೆರೆಯುವ ಮುನ್ನ ಓದಿಕೊಳ್ಳುವ ಆರಂಭದ ಫೈಲೊಂದು ಇರುತ್ತದೆ. ಅದನ್ನು ಓದಬೇಡ ಎಂದು ಕಂಪ್ಯೂಟರಿಗೆ ಹೇಳಿ ಕಿಟಕಿ ತೆರೆದು ನೋಡಿದೆ. ತಕ್ಷಣ ತೆರೆಯಿತು. ಹಾಗಾದರೆ ಯಂತ್ರಕ್ಕೆ ಏನೂ ಆಗಿರಲಿಲ್ಲ, ರೋಗವಿದ್ದದ್ದು ಆ ಫೈಲಿನಲ್ಲಿ. ಬಿಚ್ಚಿದೆ. ಭಾವನ ಕೈಬರಹವೇ ಕಂಡಂತಾಯಿತು. ಹೊಸ ಕಿಟಕಿ ತೆರೆದಾಗಲೆಲ್ಲ ಅಕ್ಕ ಮೊದಲ ದಿನದಿಂದ ಬರೆದ ಪ್ರತಿಯೊಂದು ಸಾಲನ್ನೂ ತೆಗೆ, ದಿನಾಂಕ ನೋಡು, ಕ್ರಮಸಂಖ್ಯೆ ಹಾಕು, ಎಲ್ಲವನ್ನೂ ಜೋಡಿಸಿದ ಮೇಲೆ ಕೊನೆಗೆ ಹೊಸ ಸಾಲನ್ನು ಇಡು ಎಂದು ಆಜ್ಞೆ ಬರೆದಿದ್ದರು. ಅವಳು ಮಾತಾಡಿದಷ್ಟೂ ಕಿಟಕಿ ನಿಧಾನವಾಗುತ್ತಿತ್ತು.

"ಭಾವ, ಇದೇನು?"

"ಕಡತ. ಹಿಂದಿಂದು ಇಲ್ಲದೆ ಹೊಸದು ಮಂಡಿಸೋದು ಹ್ಯಾಗೆ?"

ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕನಿಗೆ ಉಸಿರು ಕಟ್ಟಿದಾಗ ನಿಮ್ಮ ಕಂಪ್ಯೂಟರು ಏನು ಮಾಡ್ತಿತ್ತು ಗೊತ್ತಾ? ಸಾರಿಗೆ ಉಪ್ಪಿಲ್ಲ ಅಂದಿದ್ದಕ್ಕೆ ನಂಬರ್ ಹಾಕ್ತಿತ್ತು. ಅವಳು ಸಾಯೋದರಲ್ಲಿದ್ದಳು."

ಭಾವ ನನ್ನ ಪಕ್ಕ ಕುರ್ಚಿ ಎಳೆದು ಕೂತು ಕೀಲಿಮಣೆಯ ಮೇಲೆ ಕೈ ಇಟ್ಟರು. ಆ ಮಾತನ್ನು ನಾನು ಅಷ್ಟು ಗಟ್ಟಿಯಾಗಿ ಆಡಬಾರದಿತ್ತು. ಅವರು, "ತೆಗೆದರೆ ಅದೆಲ್ಲ ಎಲ್ಲಿಗೆ ಹೋಗುತ್ತೆ?" ಎಂದರು.

"ಎಲ್ಲೂ ಹೋಗಲ್ಲ. ಬೇರೆ ಕಡೆ ಇಡ್ತೀನಿ."

"ಬೇರೆ ಕಡೆ ಇಟ್ಟ ಕಾಗದ ಮತ್ತೆ ಸಿಕ್ಕಿದ್ದು ನಾನು ನೋಡಿಲ್ಲ ಕಣಯ್ಯ." ಅವರ ದನಿ ಇಳಿಯಿತು. "ಮದುವೆ ಆದಾಗಿನಿಂದ ಅವಳು ದಿನಾ ಮಾತಾಡಿದಳು. ದೀಪದ ಕಂಬದ ಕಾಗದ ಎತ್ತಿಟ್ಟೆ, ಗ್ಯಾಸಿನ ಚೀಟಿ ಎತ್ತಿಟ್ಟೆ. ಅವಳ ದನಿ ಮಾತ್ರ ಒಂದು ಸಲಾನೂ ಎತ್ತಿಡಲಿಲ್ಲ. ಈಗ ಇರೋದು ಇಷ್ಟೇ."

ಅವರ ಕೈ ಕೀಲಿಮಣೆಯ ಮೇಲೆ ಹಾಗೇ ಇತ್ತು, ನನ್ನನ್ನು ಮುಟ್ಟಗೊಡದಂತೆ.

ಒಳಗಿನ ಕೋಣೆಯ ಬಾಗಿಲು ತೆರೆದಿತ್ತು. ಕೀಲಿಗಳನ್ನು ಕುಟ್ಟುವ ಸದ್ದು ಬಂತು, ನಿಂತು ನಿಂತು, ಬಹಳ ಹೊತ್ತು. ನಾವಿಬ್ಬರೂ ಪರದೆ ನೋಡುತ್ತ ಕಾದೆವು. ನಲವತ್ತೊಂದು ಸೆಕೆಂಡಾದ ಮೇಲೆ ಗಂಟೆ ಹೊಡೆಯಿತು.

"ಹಳೆಯದನ್ನು ತೆಗೆಸಿ. ನಾನು ಇನ್ನೂ ಮಾತಾಡಿ ಮುಗಿಸಿಲ್ಲ."

ಭಾವ ಅದನ್ನು ಎರಡು ಸಲ ಓದಿ ಕೈ ಹಿಂದಕ್ಕೆ ತೆಗೆದರು. "ತೆಗಿ" ಎಂದರು.

ಅವಳ ಸಾಲುಗಳನ್ನೆಲ್ಲ ಬೇರೆ ಜಾಗದಲ್ಲಿಟ್ಟು, ಅದು ಎಲ್ಲಿದೆ ಎಂದು ಭಾವನಿಗೆ ತೋರಿಸಿ, ಆ ಆಜ್ಞೆಗಳನ್ನು ಅಳಿಸಿದೆ. ಒಳಗೆ ಮತ್ತೆ ಕೀಲಿಗಳ ಸದ್ದಾಯಿತು. ಅದು ನಿಲ್ಲುವುದಕ್ಕೂ ಇಲ್ಲಿ ಗಂಟೆ ಹೊಡೆಯುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಹೊತ್ತಾಗಲಿಲ್ಲ. ಕಪ್ಪು ಕಿಟಕಿಯಲ್ಲಿ ಒಂದೇ ಸಾಲು ಇತ್ತು.

"ಬನ್ನಿ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ."

ಭಾವ ಅದಕ್ಕೆ ಕ್ರಮಸಂಖ್ಯೆ ಹಾಕದೆ ಎದ್ದು ಒಳಗೆ ಹೋದರು.