ಮೊದಲು ಕೇಳಿದ ಸದ್ದು

ಹಕ್ಕಿಯ ಫೋಟೋ ತೆಗೆಯುವಾಗ ಒಂದು ಕಣ್ಣು ಮುಚ್ಚಿಕೊಳ್ಳುವುದು ನನ್ನ ರೂಢಿ. ತೆರೆದ ಕಣ್ಣು ಏನು ಕಂಡಿತು ಎಂದು ಎಲ್ಲರೂ ಕೇಳುತ್ತಾರೆ. ಮುಚ್ಚಿದ ಕಣ್ಣಿನ ಎದುರಿಗೆ ಏನಿತ್ತು ಎಂದು ಯಾರೂ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಕೇಳುತ್ತಾರೆ. ಈಚೆಗೆ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಅದಕ್ಕೆ ಕಾರಣವಾದ ಸಂಗತಿಯನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ. ನನಗೂ ಹೆಂಡತಿಗೂ ಈಗ ಇರುವ ತಕರಾರೆಲ್ಲ ಆ ಕ್ರಮದ ಬಗ್ಗೆಯೇ.

ನಾನು ಆದೋನಿಯ ಒಂದು ಹತ್ತಿ ಮಿಲ್ಲಿನ ಆಫೀಸಿನಲ್ಲಿ ಕೆಲಸ ಮಾಡುವವನು. ವಾರವೆಲ್ಲ ಕಣ್ಣಿಗೆ ಬೀಳುವುದು ಬಿಳಿ ಬಣ್ಣವೊಂದೇ. ಬೇರೆ ಬಣ್ಣ ನೋಡಲೆಂದೇ ಕ್ಯಾಮೆರಾ ಕೊಂಡೆ ಎಂದು ಬಂದವರ ಮುಂದೆ ಹೇಳಿಕೊಳ್ಳುತ್ತೇನೆ. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಹೊಳಗುಂದದ ಕಡೆ ಹೋದರೆ ಜೋಳದ ಹೊಲದ ಮೇಲೆ ತಗ್ಗಿ ತೇಲುವ ಸೆಳೆವ ಎಂಬ ಗಿಡುಗ ಕಾಣುತ್ತದೆ. ನಂದವರಂ ದಾಟಿ ಹೊಳೆಯ ದಂಡೆಗೆ ಹೋದರೆ ರೀವ ಎಂಬ ನೀರಹಕ್ಕಿ. ದೇವನಕೊಂಡದ ದಾರಿಯಲ್ಲಿ ಒಮ್ಮೆ ಟೈರು ಪಂಕ್ಚರ್ ಆಗಿ ಬೇಲಿಯ ಪಕ್ಕ ಕುಳಿತಿದ್ದಾಗ ಗೌಜಲಕ್ಕಿಯ ಸಂಸಾರವೇ ನನ್ನ ಮುಂದೆ ಸಾಲಾಗಿ ಹಾದುಹೋಯಿತು. ಕ್ಯಾಮೆರಾ ಮಾತ್ರ ಚೀಲದಲ್ಲಿತ್ತು. ಅಂಥ ನಷ್ಟ ಇನ್ನೊಮ್ಮೆ ಆಗಬಾರದೆಂದು ಬೆರಳನ್ನು ಪಳಗಿಸಿದೆ. ಏನಾದರೂ ಅಲುಗಿದರೆ ಮೊದಲು ಒತ್ತು, ಆಮೇಲೆ ಅದು ಯಾವುದೆಂದು ನೋಡು. ಬೆರಳು ಒಳ್ಳೆಯ ಶಿಷ್ಯ. ಬೇಗ ಕಲಿಯಿತು.

ಬಾಯಿಗೆ ಅಂಥ ಶಿಕ್ಷಣ ಸಿಕ್ಕಿರಲಿಲ್ಲ. ಹೂವಿನ ಜೇನು ಹೀರುವ ಸೂರಕ್ಕಿಯನ್ನು ತೆಲುಗಿನಲ್ಲಿ ತೇನೆಪಿಟ್ಟ ಎನ್ನುತ್ತಾರೆ ಎಂಬಂಥದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿದೆ. ಅಲ್ಲಿ ಇಲ್ಲದ ಹೆಸರು ಹೆಂಡತಿಯದು. ನಮ್ಮ ಮನೆತನದಲ್ಲಿ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮಪ್ಪ ‘ಏ’ ಎನ್ನುತ್ತಿದ್ದರು, ನಾನೂ ‘ಏ’ ಎನ್ನುತ್ತೇನೆ. ‘ಏ’ ಎಂದರೆ ಚಹಾ. ಸ್ವಲ್ಪ ಎಳೆದು ‘ಏಽ’ ಎಂದರೆ ಟವಲ್. ಒಮ್ಮೆ ಆಕೆಗೆ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಕೌಂಟರಿನವರು “ಪೇಷೆಂಟ್ ಪೇರೇಮಿಟಿ?” ಎಂದು ತೆಲುಗಿನಲ್ಲಿ ಹೆಸರು ಕೇಳಿದರು. ನಾನು ಹೆಂಡತಿಯ ಕಡೆ ತಿರುಗಿ “ಹೇಳು” ಎಂದೆ. ಜ್ವರದಲ್ಲಿ ನಡುಗುತ್ತಿದ್ದ ಆಕೆಯೇ ಹೇಳಬೇಕಾಯಿತು. ನಾನು ಆ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಮದುವೆಯ ದಿನ ಮಾತ್ರ. ಹೆಣ್ಣಿನ ಕಡೆಯವರು ಬಾಗಿಲಿಗೆ ಅಡ್ಡ ನಿಂತು, ಒಡಪು ಹಾಕಿ ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ ಎಂದಾಗ ಹೇಳಿದ್ದೆ: “ಎಳಿ ಬಿಸಲಿಗೆ ಅರಳೈತಿ ಹೊಲದಾನ ಹತ್ತಿ, ನೀಲಮ್ಮ ಇನ್ನ ಮ್ಯಾಲ ನನ್ನ ಹೆಂಡತಿ.” ಬಾಗಿಲು ಬಿಟ್ಟರು. ಹೆಸರು ಅಲ್ಲೇ ಉಳಿಯಿತು.

ಆ ದಿನ ಬೆಳಿಗ್ಗೆ ನಾನು ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದೆ. ದಾಸವಾಳದ ಗಿಡಕ್ಕೆ ಸೂರಕ್ಕಿ ಬಂದಿತ್ತು. ಗಿಡದ ಪಕ್ಕದಲ್ಲಿ ಬಚ್ಚಲ ಒಲೆಗೆಂದು ಒಟ್ಟಿದ ಒಣಗಿದ ಹತ್ತಿ ಕಟ್ಟಿಗೆ ಇತ್ತು. ನೀಲಮ್ಮ ಅದರಲ್ಲಿ ನಾಲ್ಕು ಕಡ್ಡಿ ಎಳೆದುಕೊಳ್ಳಲು ಬಂದಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂಬುದನ್ನು ಇಲ್ಲಿ ಬರೆದಿಡಬೇಕು. ಸೂರಕ್ಕಿ ಹಾರಿತು, ಕ್ಯಾಮೆರಾ ಅದರ ಬೆನ್ನು ಹತ್ತಿತು, ಹಕ್ಕಿ ತಪ್ಪಿಸಿಕೊಂಡಿತು. ಲೆನ್ಸು ಕಟ್ಟಿಗೆಯ ಮೇಲೆ ನಿಂತಿತು. ಅಷ್ಟರಲ್ಲಿ ಬುಸ್ಸೆಂಬ ಸದ್ದು ಎಡೆಬಿಡದೆ ಕೇಳಿಸತೊಡಗಿತು.

“ಕುಕ್ಕರ್ ಕೂಗಲಿಕ್ಕ ಹತ್ತೇತಿ, ಒಲಿ ಸಣ್ಣ ಮಾಡ್ರಿ” ಎಂದಳು ನೀಲಮ್ಮ.

“ಹ್ಞೂಂ” ಎಂದೆ.

ಲೆನ್ಸಿನೊಳಗೆ ಒಂದು ಕೈ ಇತ್ತು. ಹಸಿರು ಬಳೆ, ಓರೆಯಾಗಿ ಬಿದ್ದ ಬಿಸಿಲು. ಕೈಯ ಕೆಳಗೆ, ಒಂದು ಗೇಣಿಗಿಂತ ಕಡಿಮೆ ದೂರದಲ್ಲಿ, ಬೆನ್ನ ಮೇಲೆ ಸರಪಳಿಯ ಗುರುತಿದ್ದ ಕೊಳಕುಮಂಡಲ ಸುರುಳಿ ಸುತ್ತಿ ಕುಳಿತಿತ್ತು. ಬುಸುಗುಡುತ್ತಿದ್ದದ್ದು ಅದು.

ಬೆರಳು ಒತ್ತಿತು. ಆಮೇಲೆ ನಾನು “ಏ” ಎಂದೆ.

“ತಡೀರಿ, ಚಾ ಆಮ್ಯಾಲ” ಎಂದು ನೀಲಮ್ಮ ತಿರುಗಿಯೂ ನೋಡದೆ ಕೈಯನ್ನು ಇನ್ನಷ್ಟು ಕೆಳಗೆ ಚಾಚಿದಳು. ‘ಏ’ ಎಂಬುದಕ್ಕೆ ಹಾವು ಎಂಬ ಅರ್ಥ ನಮ್ಮ ಮನೆಯಲ್ಲಿ ಇರಲಿಲ್ಲ. ನನಗೆ ಆ ಹೆಸರು ಬೇಕಾಗಿತ್ತು. ಆದರೆ ಆ ಹೆಸರಿಗೆ ಹೋಗುವ ದಾರಿ ನನಗೆ ಒಡಪಿನ ಮೂಲಕವೇ ಗೊತ್ತಿದ್ದದ್ದು. ನಗಬೇಡಿ, ನನ್ನ ಮನಸ್ಸು ‘ಎಳಿ ಬಿಸಲಿಗೆ’ಯಿಂದಲೇ ಹೊರಟಿತ್ತು. ಹತ್ತಿ ದಾಟಿ ಹೆಸರಿಗೆ ಮುಟ್ಟಿದಾಗ ಕಿರುಚಿದೆ: “ನೀಲಮ್ಮಾ!”

ಕೈ ನಿಂತಿತು. ಹಾವನ್ನು ಕಂಡು ನಿಂತದ್ದಲ್ಲ, ಗಂಡ ಹೆಸರು ಹಿಡಿದು ಕರೆದನೆಂಬ ಬೆರಗಿಗೆ ಅವಳ ಇಡೀ ಮೈ ನಿಂತಿತು. ಆಮೇಲೆ ನಿಧಾನವಾಗಿ ನನ್ನ ಮುಖ ನೋಡಿದಳು, ನನ್ನ ಕಣ್ಣು ಎಲ್ಲಿದೆಯೆಂದು ನೋಡಿದಳು, ಕೆಳಗೆ ನೋಡಿದಳು. ಉಸಿರು ಬಿಡದೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಹಾವು ಅವಸರವಿಲ್ಲದೆ ಸುರುಳಿ ಬಿಚ್ಚಿ, ಕಟ್ಟಿಗೆಯ ಹಿಂದಿನ ಗೋಡೆಯ ಸಂದಿಯಲ್ಲಿ ಇಳಿದು ಹೋಯಿತು. ನೀಲಮ್ಮ ಬಂದು ನನ್ನ ಪಕ್ಕದ ಮೆಟ್ಟಿಲ ಮೇಲೆ ಕುಳಿತಳು. ಅವಳು ಮೊದಲು ಕೇಳಿದ್ದು ಹಾವಿನ ವಿಷಯವಲ್ಲ.

“ಏನಂದ್ರಿ ನೀವು?”

“ನೀಲಮ್ಮ ಅಂದೆ.”

“ಅದಕ್ಕೂ ಮೊದಲ?”

“ಏ ಅಂದೆ.”

“ಅದಕ್ಕೂ ಮೊದಲ ಟಕ್ ಅಂತ ಒಂದು ಸಪ್ಪಳ ಕೇಳಿಸ್ತು.”

ಹೆದರಿಕೆಯಲ್ಲಿ ಕೂಗಿದಾಗ ಕೈ ನಡುಗಿ ತಾನಾಗಿಯೇ ಒತ್ತಿರಬೇಕು ಎಂದೆ. ಆ ಕ್ಷಣಕ್ಕೆ ನಾನೂ ಹಾಗೆಯೇ ನಂಬಿದ್ದೆ. ಫೋಟೋ ನಂಬಲಿಲ್ಲ. ಅದರಲ್ಲಿ ಒಂದಿಷ್ಟೂ ಅಲುಗಾಟವಿಲ್ಲ. ಹಾವಿನ ಕಣ್ಣು, ಬಳೆಯ ಮೇಲಿನ ಹೊಳಪು, ಕಡ್ಡಿಯ ಸಿಪ್ಪೆ, ಎಲ್ಲ ಸ್ಪಷ್ಟ. ನಾನು ಈವರೆಗೆ ತೆಗೆದ ಫೋಟೋಗಳಲ್ಲಿ ಇದಕ್ಕಿಂತ ಚೆನ್ನಾದದ್ದಿಲ್ಲ. ಹೀಗೆ ಬರೆಯಲು ನಾಚಿಕೆಯಾಗುತ್ತದೆ. ಆದರೂ ಇಲ್ಲವೆಂದರೆ ಇಲ್ಲ.

ಸುದ್ದಿ ಕೇಳಿ ಬಂದ ಪಕ್ಕದ ಮನೆಯ ಲಕ್ಷ್ಮಕ್ಕ ಫೋಟೋ ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ಅಮ್ಮೋ, ರಕ್ತಪಿಂಜರಿ! ಎಂತ ಬಾಗಾ ವಚ್ಚಿಂದಪ್ಪಾ!” ಎಂದು ಹಾವಿನ ತೆಲುಗು ಹೆಸರು ಹೇಳಿ ಫೋಟೋ ಹೊಗಳಿದಳು. ನಾನು ನೆಲ ನೋಡಿದೆ.

“ಹೌದಕ್ಕಾ, ಭಾಳ ಚಲೋ ಬಂದೈತಿ” ಎಂದಳು ನೀಲಮ್ಮ. “ಹಾವಿನ ಕಣ್ಣು ಬಂದೈತಿ, ನನ್ನ ಹಸಿರು ಬಳಿ ಬಂದಾವ. ನಾ ಒಬ್ಬಾಕಿ ಬಂದಿಲ್ಲ ನೋಡು.”

ಲಕ್ಷ್ಮಕ್ಕ ಹೋದ ಮೇಲೆ ನೀಲಮ್ಮ ದನಿ ಎತ್ತದೆ ಕೇಳಿದಳು: “ಖರೇ ಹೇಳ್ರಿ. ಒತ್ತೋ ಹೊತ್ತಿನ್ಯಾಗ ಅದು ನನ್ನ ಕೈ ಅಂತ ಗೊತ್ತಿತ್ತೋ ಇಲ್ಲೋ?”

ಕಷ್ಟದ ಪ್ರಶ್ನೆ. ಗೊತ್ತಿತ್ತು ಎಂದರೆ ನಾನು ಎಂಥವನಾಗುತ್ತೇನೆ? ಗೊತ್ತಿರಲಿಲ್ಲ ಎಂದರೆ ಇಷ್ಟು ವರ್ಷ ಈ ಮನೆಯಲ್ಲಿ ಏನು ನೋಡುತ್ತಿದ್ದೆ? ನಿಜವನ್ನೇ ಹೇಳಿದೆ. ಆ ಒಂದು ಕ್ಷಣ ಅದು ಯಾರ ಕೈಯೂ ಆಗಿರಲಿಲ್ಲ, ಬಿಸಿಲು ಬಿದ್ದ ಕೈ ಅಷ್ಟೇ ಆಗಿತ್ತು.

“ಬಳಿ ಗುರುತು ಸಿಗಲಿಲ್ಲೇನು? ನೀವೇ ಕೊಡಿಸಿದ್ದು” ಎಂದು ಎದ್ದು ಒಳಗೆ ಹೋದಳು. ಒಳಗೆ ಅನ್ನ ತಳ ಹಿಡಿದಿತ್ತು. ಕುಕ್ಕರ್ ನಿಜವಾಗಿಯೂ ಕೂಗಿರಬೇಕು, ಇಬ್ಬರಿಗೂ ಕೇಳಿಸಿರಲಿಲ್ಲ.

ಹಾವು ಹಿಡಿಯುವವನನ್ನು ಕರೆಸಿ ಅದನ್ನು ಬೆಟ್ಟದ ಕಡೆ ಕಳಿಸಿದ್ದಾಯಿತು. ಕಟ್ಟಿಗೆಯನ್ನು ಎತ್ತರದ ಕಟ್ಟೆಗೆ ಸಾಗಿಸಿದ್ದೂ ಆಯಿತು. ಉಳಿದದ್ದು ಬಾಯಿಯ ಶಿಕ್ಷಣ. “ಹಕ್ಕಿ ಹೆಸರು ದಿನಾ ಬಾಯಿಪಾಠ ಮಾಡ್ತೀರಿ. ಅದರ ಜೋಡಿ ನನ್ನದೂ ಮಾಡ್ರಿ” ಎಂಬುದು ನೀಲಮ್ಮನ ಅಪ್ಪಣೆ. ಮಾಡುತ್ತಿದ್ದೇನೆ. ಮೊದಮೊದಲು ಯಾರದೋ ಹೆಂಡತಿಯನ್ನು ಕರೆದಂತೆ ಮುಜುಗರವಾಗುತ್ತಿತ್ತು. ಈಗ ಒಡಪಿನ ಹಂಗಿಲ್ಲದೆ ಹೆಸರು ಬರುತ್ತದೆ.

ನಿನ್ನೆ ಸಂಜೆ ಮಾಳಿಗೆಯ ಮೇಲಿದ್ದೆ. ಗುಲಾಬಿ ಕಬ್ಬಕ್ಕಿಗಳ ದೊಡ್ಡ ಹಿಂಡು ಬೆಟ್ಟದ ಕಡೆಯಿಂದ ಎದ್ದು, ಗಾಳಿಗೆ ಹಾರಿದ ಕರಿ ಸೀರೆಯ ಹಾಗೆ ಮಡಚುತ್ತ ಬಿಚ್ಚುತ್ತ ನಮ್ಮ ಓಣಿಯ ಮೇಲೆ ಬಂತು. ನಾನು ಕ್ಯಾಮೆರಾ ಎತ್ತಲಿಲ್ಲ. ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಮೊದಲು ಅವಳು ನೋಡಲಿ ಎನಿಸಿತು. ಕೆಳಗೆ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದವಳನ್ನು, ಇದ್ದ ಪ್ರೀತಿಯನ್ನೆಲ್ಲ ದನಿಗೆ ತಂದುಕೊಂಡು, ಹಾವಿನ ದಿನದ ನಂತರ ಮೊದಲ ಸಲ ಕೂಗಿ ಕರೆದೆ: “ನೀಲಮ್ಮಾ!”

ಅವಳು ಇದ್ದಲ್ಲೇ ಕಲ್ಲಾದಳು. ಒಂದು ಕಾಲು ನೆಲದಿಂದ ಮೇಲಿತ್ತು. ಆಕಾಶ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ತನ್ನ ಪಾದದ ಸುತ್ತ ನೋಡುತ್ತ ಪಿಸುಗುಟ್ಟಿದಳು: “ಎಲ್ಲೈತ್ರಿ?”

“ಮ್ಯಾಲ ನೋಡು, ಮ್ಯಾಲ!”

“ಮೊದಲ ಕೆಳಗ ಏನಿಲ್ಲ ಅಂತ ಹೇಳ್ರಿ.”

ನಾನು ಕ್ಯಾಮೆರಾ ಕಣ್ಣಿಗೆ ಹಿಡಿದು ಅಂಗಳವನ್ನು ಹುಡುಕತೊಡಗಿದೆ.

“ಅದರಾಗ ಬ್ಯಾಡ” ಎಂದಳು, ಕಾಲನ್ನು ಹಾಗೆಯೇ ಎತ್ತಿಕೊಂಡು. “ಎರಡೂ ಕಣ್ಣು ತಗದು ನೋಡ್ರಿ.”

ನೋಡಿದೆ. ಕಲ್ಲುಚಪ್ಪಡಿ, ಬಕೀಟು, ಬಿದ್ದ ಕ್ಲಿಪ್ಪು, ಅವಳ ನೆರಳು, ಎಲ್ಲವನ್ನೂ ಒಂದೊಂದಾಗಿ ನೋಡಿ ಏನೂ ಇಲ್ಲ ಎಂದೆ. ಅವಳು ಕಾಲು ಕೆಳಗಿಟ್ಟಳು. ನಾವಿಬ್ಬರೂ ತಲೆ ಎತ್ತಿದಾಗ ಆಕಾಶದಲ್ಲೂ ಏನೂ ಇರಲಿಲ್ಲ.