ಪರದೆಯ ಹಿಂದಿನ ಬಲಗೈ

ಎಡ ಯಾವುದು, ಬಲ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಒಮ್ಮೆ ಕೈ ನೋಡಿಕೊಂಡು, ಕೇಳಿದವರು ಯಾವ ಕಡೆ ನಿಂತಿದ್ದಾರೆ ಎಂದು ವಿಚಾರಿಸಿಯೇ ಹೇಳುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ಸಹಿ ಮಾಡುವುದನ್ನೇ ಮುದುಕಿಯಾದ ಮೇಲೆ ಕಲಿತವಳು, ಅದಕ್ಕೇ ಹೀಗೆ ಎಂದುಕೊಳ್ಳುತ್ತಾರೆ. ಅಕ್ಷರಕ್ಕೂ ಇದಕ್ಕೂ ಸಂಬಂಧ ಇಲ್ಲವೆಂದಲ್ಲ. ಆದರೆ ನನ್ನ ಮದುವೆ ಒಂದು ಸಲ ಎಡ-ಬಲದ ಜಗಳದಲ್ಲಿ ಮುರಿದು ಬೀಳುವುದರಲ್ಲಿತ್ತು. ಅಂಥವಳು ಹುಷಾರಾಗಿರಬೇಕಾಗುತ್ತದೆ.

ನಿಜಾಮನ ರಾಜ್ಯ ಹೋಗಿ, ರಜಾಕಾರರ ಹೆದರಿಕೆ ಹೋಗಿ, ಜನ ಸಂಜೆ ಹೊತ್ತು ಮನೆಯಿಂದ ಹೊರಬೀಳಲು ಧೈರ್ಯ ಮಾಡುತ್ತಿದ್ದ ಕಾಲ. ಶಹಾಪುರಕ್ಕೆ ತಂಬು ಸಿನೆಮಾ ಬಂತು. ನಮ್ಮದು ದೋರನಹಳ್ಳಿ, ಕುರಿ ಸಾಕುವ ಮನೆ. ಅದೇ ಹೊತ್ತಿಗೆ ನನ್ನನ್ನು ಕೇಳಲು ವಡಗೇರಾದಿಂದ ಬೀಗರು ಬಂದಿದ್ದರು, ಹುಡುಗನೂ ಬಂದಿದ್ದ. ಮರುದಿನ ಬೆಳಿಗ್ಗೆ ಎಲೆ-ಅಡಿಕೆ ಹಿಡಿದು ಮದುವೆ ಗಟ್ಟಿ ಮಾಡುವುದೆಂದು ಮಾತಾಗಿತ್ತು. ಇದು ತಪ್ಪಿದರೆ ರಾಮಸಮುದ್ರದಲ್ಲಿ ಇನ್ನೊಬ್ಬ ಗಂಡು ಕಾದಿದ್ದ. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು, ಮುಂದಿನ ಹಲ್ಲಿಲ್ಲದವನು. ಆದರೆ ಅವನ ಕುರಿಗಳು ಬಹಳ ಚೆನ್ನಾಗಿವೆ ಎಂದು ನನ್ನ ಸೋದರಮಾವ ಹೇಳುತ್ತಲೇ ಇದ್ದ. ನಾನು ಕುರಿಯನ್ನು ಮದುವೆಯಾಗುವುದಿದ್ದರೆ ಆ ಮನೆಯೇ ಸರಿ.

ಬೀಗರಿಗೆ ಮರ್ಯಾದೆ ಮಾಡಬೇಕೆಂದು ಅಪ್ಪ ಎಲ್ಲರನ್ನೂ ಬಂಡಿಯಲ್ಲಿ ಹೇರಿಕೊಂಡು ಸಿನೆಮಾಕ್ಕೆ ಕರೆದೊಯ್ದ. ತಂಬಿನ ನಡುವೆ ಬಿಳಿ ಪರದೆ ಕಟ್ಟಿದ್ದರು. ಗಂಡಸರು ಮುಂದೆ, ಹೆಂಗಸರು ಪರದೆಯ ಹಿಂದೆ. ಚಿತ್ರ ಎರಡೂ ಕಡೆ ಕಾಣುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು. ಮೊದಲು ಅಕ್ಷರಗಳು ಬಂದವು. ನಮ್ಮ ಕಡೆ ತಿರುಗುಮುರುಗಾಗಿ ಬಂದಿರಬೇಕು. ಒಬ್ಬಳಿಗೂ ಓದಲು ಬರುತ್ತಿರಲಿಲ್ಲವಾದ್ದರಿಂದ ಸರಿಯಾಗಿಯೇ ಇವೆ ಎಂದುಕೊಂಡೆವು.

ಕಥೆ ಒಬ್ಬ ಕುಣಿಯುವವಳದು. ಜಾಗೀರದಾರನ ಮಗನಿಗೂ ಅವಳೇ ಬೇಕು, ಒಬ್ಬ ವಕೀಲನಿಗೂ ಅವಳೇ ಬೇಕು. ಜನ ತುಂಬಿದ ಹಾಡು-ಕುಣಿತದ ಮೆಹಫಿಲಿನಲ್ಲಿ ಇಬ್ಬರೂ ಒಟ್ಟಿಗೆ ಎಲೆ ಮುಂದೆ ಮಾಡುತ್ತಾರೆ. ಅವಳು ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿಯುತ್ತಾಳೆ. ಆಮೇಲೆ ವಕೀಲನ ಜೊತೆ ಹೋಗಿಬಿಡುತ್ತಾಳೆ, ಊರೆಲ್ಲ ಛೀ ಥೂ ಎನ್ನುತ್ತದೆ. ಮಾತೆಲ್ಲ ಉರ್ದು. ಹೆಂಗಸರಿಗೆ ತಿಳಿದದ್ದು ಕೈ ಮಾತ್ರ. ನಮ್ಮಲ್ಲಿ ಬಲಗೈಯಲ್ಲಿ ಹಿಡಿದ ಎಲೆಯೇ ಎಲೆ. ಎಡಗೈಯಲ್ಲಿ ಹಿಡಿದರೆ ಕೊಟ್ಟವನ ಮಾರಿಗೆ ಉಗಿದಂತೆ.

ಬೆಳಿಗ್ಗೆ ಅಂಗಳದಲ್ಲಿ ಕಂಬಳಿ ಹಾಸಿ ಎಲೆ-ಅಡಿಕೆಯ ತಟ್ಟೆ ಇಟ್ಟಾಯಿತು. ಹುಡುಗನ ಅಪ್ಪ ಸುಮ್ಮನೆ ಕೂಡಬಹುದಿತ್ತು.

"ಎಂಥಾ ಹೆಣ್ಣ್ರೀ ಅದು! ಜಾಗೀರದಾರನ ಎಲಿ ಬಲಗೈಲೆ ಹಿಡ್ದು, ವಕೀಲನ ಕೂಡ ಓಡಿ ಹೋಗ್ಯಾಳ."

ನನ್ನವ್ವ ಬಾಗಿಲ ಮರೆಯಿಂದಲೇ ಹೇಳಿದಳು: "ಇಲ್ರೀ ಬೀಗ್ರ. ಆಕಿ ಬಲಗೈಲೆ ಹಿಡ್ದಿದ್ದು ವಕೀಲನ ಎಲಿ. ಮಾತಿಗಿ ನಿಂತ ಹೆಣ್ಣದು."

"ನನಗೇನ್ ಕಣ್ಣಿಲ್ಲೇನ್ರಿ?"

"ಕಣ್ಣ್ ಅದಾವ್ರಿ. ಆಕಿ ಕೈ ಬಿಟ್ಟು ಬ್ಯಾರೆ ಏನ್ ನೋಡಾಕತ್ತಿದ್ವೋ!"

ನಗು ತಡೆಯಲಾರದೆ ಅವರ ಹೆಂಡತಿಯೇ ಬಾಯಿಗೆ ಸೆರಗು ಇಟ್ಟುಕೊಂಡಳು. ಆಕೆಯೂ ಪರದೆಯ ಹಿಂದೆ ಕೂತವಳು, "ವಕೀಲಂದ ಖರೆ ಅದ" ಎಂದೂ ಅಂದುಬಿಟ್ಟಳು. ಬೀಗರು ಎದ್ದು ನಿಂತು ತಲೆಗೆ ಪಟಗ ಸುತ್ತಿಕೊಂಡರು. "ಅಂಥಾಕಿಗಿ ಶಾಬಾಶ್ ಅನ್ನೋ ಮನಿ ಹುಡುಗಿ ನಮಗ ಬ್ಯಾಡ."

"ಹಗಲ್ ಸುಳ್ಳ್ ಹೇಳೋ ಮನಿಗಿ ನಾವೂ ಕೊಡಂಗಿಲ್ಲ," ಎಂದಳು ಅವ್ವ. ಸೋದರಮಾವ ತಡಮಾಡದೆ ರಾಮಸಮುದ್ರದ ಕುರಿಗಳ ಮಾತು ತೆಗೆದ. ನಾನು ಒಳಗೆ ಬೀಸುಕಲ್ಲಿನ ಗೂಟ ಹಿಡಿದು ಕೂತಿದ್ದೆ. ಕಲ್ಲು ತಿರುಗುತ್ತಿರಲಿಲ್ಲ.

ಆಗ ಹುಡುಗ ಬಾಯಿಬಿಟ್ಟ. "ಯಪ್ಪಾ, ಇಬ್ಬರದೂ ಖರೆ ಅದ. ನಮ್ಮ ಕಡಿಂದ ಬಲಗೈ ಕಂಡದ್ದು ಆ ಕಡಿಂದ ಎಡಗೈ ಕಾಣ್ತದ. ಪರದಿ ಹಿಂದ ಎಲ್ಲಾ ಉಲ್ಟಾ."

"ನಿನಗ ಹ್ಯಾಂಗ ಗೊತ್ತು?"

ಹುಡುಗ ಕಂಬಳಿಯ ಕೂದಲು ಕೀಳತೊಡಗಿದ.

"ಹೆಣ್ಮಕ್ಕಳ ಕಡಿ ಹೋಗಿದ್ದೇನಲೇ?"

ಹೆಂಗಸರ ಕಡೆ ನುಗ್ಗಿದವನನ್ನು ತಂಬಿನವರೇ ಹಿಡಿದು ಹೊಡೆಯುತ್ತಿದ್ದರು. ಕೊನೆಗೆ ನಮ್ಮಜ್ಜಿ ಮೂಲೆಯಿಂದ ಹೇಳಿದಳು: "ಮತ್ತ್ಯಾಕ ಹೋಗ್ತಾನ? ನಮ್ಮ ಹುಡುಗಿ ನೋಡಾಕ ಬಂದಾನ. ಈ ಸುದ್ದಿ ಓಣಿಗಿ ಹೋಗೋದ್ರಾಗ ಎಲಿ ಹಿಡೀರಿ."

ಬೀಗರು ಪಟಗ ಬಿಚ್ಚಿ ಕೂತರು. ನನ್ನನ್ನು ಹೊರಗೆ ಕರೆದರು. ನಾನು ಎರಡೂ ಕೈ ಸೇರಿಸಿ ಎಲೆ ಹಿಡಿದೆ. ಯಾವ ಕಡೆಯಿಂದ ನೋಡಿದರೂ ತಕರಾರು ಬರಬಾರದು.

ಮಕ್ಕಳು ಮರಿಯಾಗಿ ಇಬ್ಬರ ತಲೆಯೂ ಬೆಳ್ಳಗಾದ ಮೇಲೆ, ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ನಮ್ಮವರನ್ನು ಕೇಳಿದೆ: "ಅವತ್ತ ಹೊಡ್ತಕ್ಕೂ ಹೆದರದಂಗ ನನ್ನ ನೋಡಾಕ ಬಂದ್ರಿ, ಅಲ್ರಿ?"

ಅವರು ಅಗಿಯುವುದನ್ನು ನಿಲ್ಲಿಸಿದರು. "ಖರೆ ಹೇಳ್ಲೇನು?"

"ಹೇಳ್ರಿ."

"ಆಕಿ ಕುಣಿಯಾಕತ್ತಿದ್ಲು. ಮುಂದಿಂದ ನೋಡಿದ್ದಾಗಿತ್ತು. ಪರದಿ ಹಿಂದ ಹೋದ್ರ ಬೆನ್ನು, ಜಡಿ ಕಾಣ್ತಾವ ಅಂತ ತಿಳ್ಕೊಂಡಿದ್ದೆ."

"ಕಂಡ್ವೇನ್ರಿ?"

"ಎಲ್ಲಿದು! ಅಲ್ಲೂ ಮಾರಿನೇ ಇತ್ತು."

ನನ್ನನ್ನು ನೋಡಲು ಬಂದವರೆಂದು ಅಷ್ಟು ವರ್ಷ ಸೊಸೆಯಂದಿರ ಮುಂದೆ ಹೇಳಿಕೊಂಡು ಬಂದಿದ್ದೆ. ಅವರ ತಟ್ಟೆಗೆ ಹಾಕಬೇಕಿದ್ದ ರೊಟ್ಟಿಯನ್ನು ನಾನೇ ತಿಂದೆ. ಆದರೆ ಬೈಯಲಿಲ್ಲ. ಅವತ್ತು ಅವರು ನನ್ನ ಪಕ್ಕದಲ್ಲೇ ಬಂದು ನಿಂತಿದ್ದರಂತೆ. ನಾನು ನೋಡಿರಲಿಲ್ಲ. ನನ್ನ ಕಣ್ಣು ವಕೀಲನ ಮೇಲಿತ್ತು.