ಡುಂ ಡುಂ ಡುಡುಂ: ಒರಿಜಿನಲ್‌ನಲ್ಲಿ ಇಲ್ಲದ ನಾಲ್ಕು ಸ್ವರಗಳ ಕುರಿತು

ಇಂದ,
ಬಸವಕಿರಣ
ಬೇಸ್ ಗಿಟಾರ್ (ಸದ್ಯ ಹೊರಗೆ)
ವಿದ್ಯಾರ್ಥಿ ನಿಲಯ, ಸೋಲದೇವನಹಳ್ಳಿ

ಗೆ,
ಶ್ರೀ ಪಿಳ್ಳಣ್ಣನವರು
ಮಾಲೀಕರು ಹಾಗೂ ತಬಲಾ
ಪಿಳ್ಳಣ್ಣ ಆರ್ಕೆಸ್ಟ್ರಾ, ಯಲಹಂಕ

ವಿಷಯ: ದೋಣಿ ಹಾಡಿನಲ್ಲಿ ನಾಲ್ಕು ಸ್ವರ ನುಡಿಸಲು ಅನುಮತಿ ಕೋರಿ, ಹಾಗೂ ಶನಿವಾರದ ಕಾರ್ಯಕ್ರಮಕ್ಕೆ ನನ್ನನ್ನು ವಾಪಸು ಸೇರಿಸಿಕೊಳ್ಳುವಂತೆ ಕೋರಿ.

ಉಲ್ಲೇಖ: 1. ನಾನು ಸೇರಿದ ದಿನ ತಾವು ಬಾಯಿಮಾತಿನಲ್ಲಿ ನೀಡಿದ ಆದೇಶ: "ಒರಿಜಿನಲ್‌ನಲ್ಲಿ ಹೆಂಗಿದ್ಯೋ ಹಂಗೇ ನುಡ್ಸು. ನಿನ್ ತಲೆ ಓಡಿಸ್ಬೇಡ."
2. ಜಕ್ಕೂರಿನ ಛತ್ರದ ಅಡುಗೆಮನೆ ಬಾಗಿಲಲ್ಲಿ ನೀಡಿದ ಆದೇಶ: "ನಾಳೆಯಿಂದ ಬರ್ಬೇಡ."

ಮಾನ್ಯರೇ,

ತಮ್ಮ ಆರ್ಕೆಸ್ಟ್ರಾಕ್ಕೆ ಬೇಸ್ ನುಡಿಸುವವರು ಇರಲಿಲ್ಲ. ಹಿಂದಿನವರಾದ ಸರ್ಫರಾಜ್ ಅವರನ್ನು ತಾವು ಆಗತಾನೇ ಕಳಿಸಿದ್ದಿರಿ. ಹೀಗಾಗಿ ಆ ಜಾಗ ನನಗೆ ಸಿಕ್ಕಿತು. ಜಕ್ಕೂರಿನ ಆರತಕ್ಷತೆ ನನ್ನ ಮೊದಲ ಕಾರ್ಯಕ್ರಮ. ಅಲ್ಲಿ ನಡೆದದ್ದನ್ನು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

1. ಉಲ್ಲೇಖ 1ರಂತೆ ನಾನು ದೋಣಿ ಹಾಡಿನ ಸಿನಿಮಾ ರೆಕಾರ್ಡನ್ನು ಕೇಳಿ ಕೇಳಿ ಕಲಿತೆನು. ರೂಮ್‌ಮೇಟ್ ಶರಣು ಬೇರೆ ರೂಮಿಗೆ ಹೋದನು. ರೆಕಾರ್ಡಿನಲ್ಲಿ, ಚರಣ ಶುರುವಾಗುವ ಮೊದಲು, ಬೇಸ್ ಒಂದೇ ಒಂದು ಸ್ವರವನ್ನು ಉದ್ದಕ್ಕೆ ಎಳೆಯುತ್ತದೆ. ಆದ್ದರಿಂದ ನಾನೂ ಎಳೆದೆನು.

2. ನಮ್ಮ ಗಾಯಕಿ ಸಂಯುಕ್ತಾ ಮೇಡಂ ಹಾಡಲಿಲ್ಲ. ಅವರು ಪ್ರಾಕ್ಟೀಸಿಗೆ ಬರುವ ಪದ್ಧತಿ ಇಲ್ಲ. ಮೈಕ್ ಹಿಡಿದು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆನು. ಸ್ವರ ಮುಗಿಯಿತು. ಹಾಡೇ ಮುಗಿಯಿತೆಂದು ಮದುಮಗನ ಮಾವ ಚಪ್ಪಾಳೆ ತಟ್ಟಿದರು. ಆದಕಾರಣ ಜನರೆಲ್ಲ ಊಟಕ್ಕೆ ಎದ್ದರು.

3. ತಾವು ನನ್ನನ್ನು ಅಡುಗೆಮನೆ ಬಾಗಿಲಿಗೆ ಎಳೆದುಕೊಂಡು ಹೋದಿರಿ.
"ಲೋ, ಅಲ್ಲಿ ಡುಂ ಡುಂ ಡುಡುಂ ಬರ್ಬೇಕು. ಎಲ್ಲೋ ಹೋಯ್ತು?"
"ಅಣ್ಣ, ಒರಿಜಿನಲ್‌ದಾಗ ಅದು ಇಲ್ರೀ."
"ನಂಗೇ ಒರಿಜಿನಲ್ ಹೇಳ್ಕೊಡ್ತೀಯಾ? ಎಷ್ಟು ವರ್ಷದಿಂದ ನಮ್ ಸ್ಟೇಜಲ್ಲೇ ಕೇಳ್ತಿದೀನಿ!"
ಫೋನಿನಲ್ಲಿ ಹಾಕಿ ಕೇಳಿಸಿದೆನು. ಫೋನಿನ ಸ್ಪೀಕರಿನಲ್ಲಿ ಬೇಸ್ ಕೇಳುವುದಿಲ್ಲ. ಇಯರ್‌ಫೋನ್ ಕೊಟ್ಟೆನು. ತಾವು ಕಣ್ಣು ಮುಚ್ಚಿ ಕೇಳಿ, "ಈ ರೆಕಾರ್ಡೇ ಡೂಪ್ಲಿಕೇಟು ಕಣೋ" ಎಂದು ತೀರ್ಪಿತ್ತಿರಿ. ಶನಿವಾರ ಬೇಸಿನ ಭಾಗ ನುಡಿಸಲು ಕೀಬೋರ್ಡಿನ ವಿರೂಪಾಕ್ಷ ಸರ್ ಅವರ ಎಡಗೈ ಸಾಕು ಎಂದಿರಿ. ನಂತರ ಉಲ್ಲೇಖ 2.

4. ಹಾಗಾದರೆ ಆ ನಾಲ್ಕು ಸ್ವರ ಎಲ್ಲಿಯವು ಎಂದು ವಿಚಾರಿಸಲು ಆರ್.ಟಿ. ನಗರಕ್ಕೆ ಹೋದೆನು. ಸರ್ಫರಾಜ್ ಭಾಯ್ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ. "ಅವಾಗ ಹಾಡಿನ ಕವರ್ರು, ಇವಾಗ ಫೋನಿನ ಕವರ್ರು" ಎಂದು ಅವರೇ ನಕ್ಕರು. ವಿಷಯ ಹೇಳಿದೆನು.
"ಅಯ್ಯೋ, ಅದು ನಂದು ಮಗಾ! ಒಂದ್ಸಲ ಮೇಡಂ ಚರಣ ಎತ್ಕೊಳ್ಳೋದೇ ಮರ್ತ್ರು. ಬನ್ನಿ ಮೇಡಂ ಅಂತ ಬಾಯಲ್ಲಿ ಕರೆಯಕ್ಕಾಗತ್ತಾ? ಬೇಸಲ್ಲಿ ಕರ್ದೆ. ಆಮೇಲೆ ಅದಿಲ್ದೆ ಅವ್ರು ಬರ್ಲೇ ಇಲ್ಲ."
"ಮತ್ತ ನಿಮ್ಮನ್ನ ಯಾಕ ತಗದ್ರು?"
"ಬೇರೆ ಹಾಡಲ್ಲಿ ಎರಡು ಸ್ವರ ಎಕ್ಸ್‌ಟ್ರಾ ಹಾಕ್ದೆ, ಪಿಳ್ಳಣ್ಣ ಹಿಡ್ಕೊಂಡ್ರು. ಒರಿಜಿನಲ್ ಕೆಡಿಸ್ತೀಯಾ ಅಂದ್ರು. ಈ ನಾಲ್ಕು ಮಾತ್ರ ಸಿಕ್ಕಿಬೀಳ್ಲಿಲ್ಲ ನೋಡು."
ಆ ಸ್ವರಗಳನ್ನು ಗಾಜಿನ ಕೌಂಟರಿನ ಮೇಲೆ ಬೆರಳಲ್ಲಿ ಬಡಿದು ಕಲಿಸಿಕೊಟ್ಟರು. ಗಿರಾಕಿ ಬಂದರು. ನಾನು ಎದ್ದೆನು.

5. ಮೇಲ್ಕಂಡ ಕಾರಣಗಳಿಂದ, ಒರಿಜಿನಲ್‌ಗೆ ಸೇರಿಸಿದ್ದಕ್ಕೆ ಒಬ್ಬನನ್ನೂ ಒರಿಜಿನಲ್‌ನಂತೆಯೇ ನುಡಿಸಿದ್ದಕ್ಕೆ ಇನ್ನೊಬ್ಬನನ್ನೂ ತಾವು ಕಳಿಸಿದಂತಾಗಿದೆ. ಈ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ರೆಕಾರ್ಡನ್ನು ಪೂರ್ತಿ ಕಲಿಯಬೇಕು. ಸ್ಟೇಜಿನ ಮೇಲೆ ಹಾಡುವವರು ಏನನ್ನು ಕೇಳಿ ಬಾಯಿ ತೆರೆಯುತ್ತಾರೋ ಅದನ್ನು ನುಡಿಸಬೇಕು. ರೆಕಾರ್ಡಿನ ಗಾಯಕಿಗೆ ಮರೆವು ಇರಲಿಲ್ಲ, ಮದುಮಗನ ಮಾವನೂ ಇರಲಿಲ್ಲ.

6. ವಿರೂಪಾಕ್ಷ ಸರ್ ಅವರ ಎಡಗೈಯ ಬಗ್ಗೆ ನನಗೆ ಗೌರವವಿದೆ. ಆದರೆ ಆ ಜಾಗದಲ್ಲಿ ಅವರ ಎರಡೂ ಕೈ ಕೀಬೋರ್ಡಿನಲ್ಲಿ ಪಿಟೀಲಿನ ಭಾಗ ನುಡಿಸುತ್ತಿರುತ್ತವೆ. ಸಂಯುಕ್ತಾ ಮೇಡಂ ಶನಿವಾರವೂ ಯಾರದಾದರೂ ಮುಖ ನೋಡುತ್ತಾರೆ.

ಆದ್ದರಿಂದ, ನನ್ನನ್ನು ವಾಪಸು ಸೇರಿಸಿಕೊಂಡು, ಸದರಿ ನಾಲ್ಕು ಸ್ವರ ನುಡಿಸಲು ಅನುಮತಿ ನೀಡಿ, ಅವು ಸರ್ಫರಾಜ್ ಅವರವು ಎಂದು ಮೈಕಿನಲ್ಲಿ ಹೇಳಬೇಕಾಗಿ ವಿನಂತಿ. ಮೈಕಿನಲ್ಲಿ ಹೇಳಲು ತಮಗೆ ಮುಜುಗರವಾದರೆ, ಅವರಿಗೆ ಒಂದು ಕುರ್ಚಿ ಹಾಕಿಸಬೇಕು. ಬೇಸಿನ ಸ್ಪೀಕರಿನ ಪಕ್ಕದಲ್ಲಿ.

ತಮ್ಮ ವಿಶ್ವಾಸಿ,
ಬಸವಕಿರಣ

ಲಗತ್ತುಗಳು:
ಇಯರ್‌ಫೋನ್ (ಬಲಗಿವಿಯದು ಮಾತ್ರ ಕೆಲಸ ಮಾಡುತ್ತದೆ).
ತಮ್ಮ ಮೊಬೈಲಿಗೆ ಒಂದು ಕವರ್. ಸರ್ಫರಾಜ್ ಭಾಯ್ ಕಳಿಸಿದ್ದು. ಕಂಪನಿಯ ಒರಿಜಿನಲ್ ಅಲ್ಲ, ಸರಿಯಾಗಿ ಕೂರುತ್ತದೆ.

ಷರಾ: ತಮ್ಮ ಆರ್ಕೆಸ್ಟ್ರಾ ಇದುವರೆಗೆ ಕಳೆದುಕೊಂಡದ್ದು ಅರ್ಧ ಹಾಡು, ಬೇಸ್ ನುಡಿಸುವವರು ಇಬ್ಬರು.